ಲೆಚೋಗೆ ಒಂದು ಚಿಟಿಕೆ ಇಂಗು

ಹರಿನಾಥ ಭಟ್ರಿಗೆ ಸಾಕಾಗಿತ್ತು. ಬಾಯಿಮಾತಿಗೆ ಎಲ್ಲರೂ ಸಾಕಪ್ಪಾ ಸಾಕು ಅನ್ನುತ್ತಾರೆ, ಇದು ಆ ಲೆಕ್ಕದ್ದಲ್ಲ. ಹಿಮ್ಮಡಿಯಿಂದ ನೆತ್ತಿಯವರೆಗೆ ಸಾಕಾಗಿತ್ತು. ಅದ್ಲಿಯಾ ಬಡಾವಣೆಯ ಆ ಬಂಗಲೆಯ ಅಡುಗೆಮನೆಯಲ್ಲಿ ನಿಂತು ನಿಂತು ಮೊಣಕಾಲಿನ ಕೆಳಗೆ ನರಗಳು ಗಂಟುಕಟ್ಟಿ ನೀಲಿಯಾಗಿದ್ದವು. ಹಾಲ್‌ನಲ್ಲಿ, ಮಲಗುವ ಕೋಣೆಯಲ್ಲಿ ಏಸಿ ಉಂಟು. ಅಡುಗೆಮನೆಗೆ ಮಾತ್ರ ಒಂದು ಫ್ಯಾನು, ಅದೂ ಇದ್ದ ಬಿಸಿಗಾಳಿಯನ್ನೇ ತಿರುಗಿಸಿ ಮುಖಕ್ಕೆ ಹೊಡೆಯುವಂಥದ್ದು. ಬಹರೈನಿನ ಜೂನ್ ತಿಂಗಳೆಂದರೆ ಒಲೆ ಹಚ್ಚುವ ಮೊದಲೇ ಅಂಗಿ ಒದ್ದೆ.

ಅವರಿಗೆ ಬೇಕಾಗಿದ್ದದ್ದು ಒಂದೇ, ಕ್ಯಾನ್ಸಲ್. ಗಲ್ಫಿನ ನಮ್ಮವರ ಬಾಯಲ್ಲಿ ಕ್ಯಾನ್ಸಲ್ ಅಂದರೆ ವೀಸಾ ರದ್ದು ಮಾಡಿಸಿ, ಪಾಸ್‌ಪೋರ್ಟ್ ಕೈಗೆ ತೆಗೆದುಕೊಂಡು, ಇನ್ನು ಈ ಕಡೆ ತಲೆಹಾಕುವುದಿಲ್ಲ ಅಂತ ಊರಿಗೆ ಹೋಗಿಬಿಡುವುದು. ಕೋಟದಲ್ಲಿ ಹೆಂಡತಿ ಉಮಾವತಿ ಇದ್ದಳು. ಮದುವೆಯಾದಂದಿನಿಂದ ಅವಳ ಜೊತೆ ಇದ್ದದ್ದಕ್ಕಿಂತ ಅವಳನ್ನು ಬಿಟ್ಟು ಇದ್ದದ್ದೇ ಹೆಚ್ಚು. "ನೀವು ರಜೆಯಲ್ಲಿ ಬಂದ್ರೆ ನನಗೆ ನೆಂಟರು ಬಂದ ಹಾಗೆ. ಹೊಸ ಚಾಪೆ ಹಾಸ್ಬೇಕು ಅಂತ ಕಾಣ್ತದೆ" ಎಂದು ಹೋದ ಸಲ ತಮಾಷೆಗೆ ಅಂದಿದ್ದಳು. ತಮಾಷೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಬೊಂಬಾಯಿಯಲ್ಲಿ ವಿಮಾನ ಹತ್ತಿ ಮನಾಮಾದಲ್ಲಿ ಇಳಿಯುವವರೆಗೂ ಭಟ್ರಿಗೆ ಆ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು.

"ಭಟ್ರೆ, ನಿಮ್ಮ ಕ್ಯಾನ್ಸಲ್ ಯಾವಾಗ? ಸೌದಿಗೆ ಸೇತುವೆ ಕಟ್ಟಿ ಮುಗಿದ ಮೇಲಾ?" ಎಂದು ಮನೆಯ ಡ್ರೈವರ್ ಸಿಲ್ವೆಸ್ಟರ್ ದಿನಾ ಕೆಣಕುತ್ತಿದ್ದ. ಅವನು ಮಂಗಳೂರಿನ ಬೆಂದೂರಿನವನು, ಬಾಯಿಗೆ ಬೀಗ ಇಲ್ಲ, ಮನಸ್ಸು ಒಳ್ಳೆಯದು.

"ನಿನ್ನ ಮೇಡಂ ಬಿಟ್ಟ ದಿನ" ಅನ್ನುತ್ತಿದ್ದರು ಭಟ್ರು.

ಅದೇ ಆಗಿದ್ದದ್ದು ಮಂಡೆಬಿಸಿ. ಸಾಹೇಬರದ್ದೇನೂ ತಕರಾರಿಲ್ಲ. ಅವರು ಇಂಗ್ಲೆಂಡಿನವರು, ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಊಟ ಕ್ಲಬ್ಬಿನಲ್ಲಿ. ಮನೆಯ ಒಲೆಯ ಮೇಲೆ ಎಂಥ ಬೇಯುತ್ತದೆ ಅಂತ ಒಂದು ದಿನ ಕೇಳಿದವರಲ್ಲ. ಬಿಡದೆ ಇದ್ದವರು ಅವರ ಹೆಂಡತಿ ಇಲೊನಾ ಮೇಡಂ. ಅವರು ಹಂಗೇರಿಯವರು. ಹುಡುಗಿಯಾಗಿದ್ದಾಗ ಐವತ್ತಾರನೇ ಇಸವಿಯಲ್ಲಿ ಅಲ್ಲಿ ಸರಕಾರದ ವಿರುದ್ಧ ದಂಗೆಯೆದ್ದ ಗಲಾಟೆಯಲ್ಲಿ ಗಡಿ ದಾಟಿ ಓಡಿಬಂದವರು ಮತ್ತೆ ಹುಟ್ಟೂರಿನ ಮುಖ ನೋಡಿರಲಿಲ್ಲ. ಅವರಿಗೆ ಅಮ್ಮನ ಮನೆಯ ಅಡುಗೆ ಬೇಕು. ಅದು ಹರಿನಾಥ ಭಟ್ರ ಕೈಯಿಂದಲೇ ಆಗಬೇಕು. ಭಟ್ರು ರಜೆಗೆ ಹೋದಾಗಲೆಲ್ಲ ಯಾರ್ಯಾರನ್ನೋ ಇಟ್ಟು ನೋಡಿದರು. ತಿರುಗಿ ಬರುವಷ್ಟರಲ್ಲಿ ಮೇಡಂ ಕಡ್ಡಿಯಾಗಿರುತ್ತಿದ್ದರು. ಹೋಗುತ್ತೇನೆ ಅಂದರೆ ಮೇಡಮ್ಮಿನ ಕಣ್ಣಲ್ಲಿ ನೀರು. "ಈ ಬೇಸಿಗೆ ಕಳೆಯಲಿ ಹರಿ" ಅನ್ನುತ್ತಿದ್ದರು. ಬೇಸಿಗೆ ಕಳೆದರೆ ಚಳಿ, ಚಳಿ ಕಳೆದರೆ ಮತ್ತೊಂದು ಬೇಸಿಗೆ. ಹೆಂಗಸಿನ ಕಣ್ಣೀರಿಗೆ ಎದುರು ಹೇಳಲಿಕ್ಕೆ ಭಟ್ರಿಗೆ ಬರುವುದಿಲ್ಲ, ಏನು ಮಾಡುವುದು ಹೇಳಿ.

ಭಟ್ರು ಈ ಮನೆಗೆ ಬಂದದ್ದೇ ಒಂದು ವಿಚಿತ್ರ. ಮೊದಲು ಮನಾಮಾದಲ್ಲಿ ಗುಜರಾತಿ ವ್ಯಾಪಾರಿಗಳ ಮೆಸ್ಸಿನಲ್ಲಿ ಇದ್ದರು. ಮೆಸ್ಸು ಮುಚ್ಚಿತು. ಯಾರೋ ಇಲ್ಲಿಗೆ ಕಳಿಸಿದರು. "ಮಾಂಸ ಮೊಟ್ಟೆ ನಾನು ಮುಟ್ಟುವುದಿಲ್ಲ, ಅಡುಗೆಮನೆಯೊಳಗೆ ಬರಲಿಕ್ಕೂ ಇಲ್ಲ" ಎಂದು ಬಾಗಿಲಲ್ಲೇ ನಿಂತು ಹೇಳಿದರು, ಬೇಡ ಅಂದರೆ ಹಾಗೇ ತಿರುಗಿ ಹೋಗಲಿಕ್ಕೆ ಸುಲಭ ಅಂತ. ಮೇಡಂ ನಕ್ಕುಬಿಟ್ಟರು. ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಅವರ ಅಮ್ಮನ ಮನೆಯಲ್ಲಿ ಮಾಂಸ ಕಣ್ಣಿಗೂ ಬಿದ್ದದ್ದಿಲ್ಲವಂತೆ. ಕೋಳಿ ಇಟ್ಟ ಮೊಟ್ಟೆ ಮಾರಲಿಕ್ಕೆ, ಹಾಲು ಬೆಣ್ಣೆ ದುಡ್ಡಿದ್ದವರ ಮನೆಗೆ. ಉಳಿಯುತ್ತಿದ್ದದ್ದು ನೀರುಳ್ಳಿ, ಬಟಾಟೆ, ಕ್ಯಾಬೇಜು, ಒಣ ಬೀನ್ಸ್ ಕಾಳು, ದೊಣ್ಣೆಮೆಣಸು. ಅದರಲ್ಲೇ ಅಮ್ಮ ಮಾಡುತ್ತಿದ್ದ ಅಡುಗೆ ತನಗೆ ಬೇಕು, ಬೇರೆ ಏನೂ ಬೇಡ ಎಂದರು ಮೇಡಂ. ಕುರ್ಚಿ ಎಳೆದು ಕೂತು, ಬಾಯಲ್ಲೇ ಒಂದೊಂದನ್ನೂ ವರ್ಣಿಸಿದರು. ಅವರು ಸ್ವತಃ ಒಲೆಯ ಹತ್ತಿರ ಹೋದವರಲ್ಲ. ತಿಂದದ್ದು ಮಾತ್ರ ಗೊತ್ತು.

ಭಟ್ರು ಕೇಳಿದರು, ಮಾಡಿದರು. ಲೆಚೋ ಎಂಬುದೊಂದು: ನೀರುಳ್ಳಿ, ದೊಣ್ಣೆಮೆಣಸು, ಟೊಮೆಟೊ ಸಣ್ಣ ಉರಿಯಲ್ಲಿ ಬೇಯಿಸಿ ಕೆಂಪು ಪುಡಿ ಹಾಕುವುದು. "ಇದು ಗೊಜ್ಜೇ ಮಾರಾಯ, ಹುಣಸೆಹಣ್ಣು ಒಂದಿಲ್ಲ" ಎಂದು ಸಿಲ್ವೆಸ್ಟರನಿಗೆ ಹೇಳಿದ್ದರು. ಮೈದಾಹಿಟ್ಟನ್ನು ಬರೀ ನೀರಲ್ಲಿ ಕಲಸಿ, ಲಟ್ಟಿಸಿ, ಶಂಕರಪೋಳಿಯ ಹಾಗೆ ಕತ್ತರಿಸಿ, ಬೇಯಿಸಿ, ಕೆಂಪಗೆ ಹುರಿದ ಕ್ಯಾಬೇಜಿನ ಜೊತೆ ಕಾಳುಮೆಣಸು ಹಾಕಿ ಕಲಸುವುದು ಇನ್ನೊಂದು. ಅದನ್ನೇ ಬಟಾಟೆಯ ಜೊತೆ ಮಾಡಿದರೆ ಮತ್ತೊಂದು ಹೆಸರು. ಬೀನ್ಸ್ ಕಾಳಿನ ಕೆಂಪು ಸಾರು. ಬೆಳ್ಳುಳ್ಳಿ ನೀರು ಸವರಿದ, ಪೂರಿಗೆ ಅಣ್ಣನಂಥ ಒಂದು ಲಾಂಗೋಶ್. ಹೆಸರುಗಳು ಭಟ್ರ ನಾಲಿಗೆಗೆ ಹೊಂದಿಕೊಳ್ಳಲಿಕ್ಕೇ ಎರಡು ವರ್ಷ ಹಿಡಿಯಿತು.

ಒಂದು ಸಂಗತಿ ಇಲ್ಲೇ ಹೇಳಬೇಕು. ಹರಿನಾಥ ಭಟ್ರು ಅಡುಗೆಯ ರುಚಿ ನೋಡುವವರಲ್ಲ. ಅಪ್ಪ ದೇವಸ್ಥಾನದ ಪಾಕಶಾಲೆಯಲ್ಲಿದ್ದವರು. ನೈವೇದ್ಯಕ್ಕೆ ಮೊದಲು ನಾಲಿಗೆಗೆ ಇಟ್ಟರೆ ಅದು ಎಂಜಲು. ಉಪ್ಪು ಕೈಯಳತೆ, ಬೆಂದದ್ದು ಕುದಿಯುವ ಸದ್ದಿನಲ್ಲಿ, ಉಳಿದದ್ದೆಲ್ಲ ಮೂಗು. ಈ ಮನೆಯಲ್ಲಿ ದೇವರಿಲ್ಲ, ನೈವೇದ್ಯವಿಲ್ಲ, ನಿಜ. ಆದರೆ ಕೈಗೆ ಬಿದ್ದ ಅಭ್ಯಾಸ ಕಡಲು ದಾಟಿದರೆ ಹೋಗುತ್ತದೆಯೇ? ಅಲ್ಲದೆ ಹಂಗೇರಿಯ ಪ್ರತಿಯೊಂದು ಅಡುಗೆಯೂ ಶುರುವಾಗುವುದು ನೀರುಳ್ಳಿಯಿಂದ. ಭಟ್ರು ಹುಟ್ಟಿದಮೇಲೆ ನೀರುಳ್ಳಿ ಬೆಳ್ಳುಳ್ಳಿ ತಿಂದವರಲ್ಲ. ಹೆಚ್ಚುವುದು ಕೆಲಸ, ತಿನ್ನುವುದು ಬೇರೆ. ತಮ್ಮ ಊಟಕ್ಕೆ ಹಿಂದಿನ ಕೋಣೆಯಲ್ಲಿ ಒಂದು ಸ್ಟೋವ್, ಒಂದು ಪಾತ್ರೆ ಅನ್ನ, ಒಂದು ತಿಳಿಸಾರು. ಹೀಗೆ ಹತ್ತು ಹನ್ನೆರಡು ವರ್ಷ ಅವರು ಹಂಗೇರಿಯ ಅಡುಗೆ ಮಾಡಿದರು, ಅದರ ಒಂದು ಹನಿಯನ್ನೂ ಬಾಯಿಗೆ ಹಾಕದೆ. ಮೊದಲ ದಿನ ಮೇಡಂ ಲೆಚೋ ತಿಂದು ಅತ್ತಿದ್ದರು. "ಇದೇ ಹರಿ, ಇದೇ" ಎಂದಿದ್ದರು. ಅಷ್ಟು ಸಾಕಾಯಿತು, ಆವತ್ತು ಹೇಗೆ ಮಾಡಿದ್ದರೋ ಅದೇ ಶಾಸ್ತ್ರವಾಯಿತು.

ಆ ವರ್ಷ, ಎಂಬತ್ತನಾಲ್ಕರ ಬೇಸಿಗೆಯಲ್ಲಿ, ಮೇಡಂ ಅಡುಗೆಮನೆಗೆ ಹೆಚ್ಚುಕಮ್ಮಿ ಓಡಿಕೊಂಡೇ ಬಂದರು. ಅಕ್ಕ ಮಾರ್ಗಿತ್‌ಗೆ ಹೊರಡಲಿಕ್ಕೆ ಅಲ್ಲಿನ ಸರಕಾರದ ಅನುಮತಿ ಸಿಕ್ಕಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬಂದು ಇಲ್ಲೇ ತಂಗಿಯ ಜೊತೆ ಇದ್ದುಬಿಡುವುದಾಗಿ ಮಾತಾಗಿತ್ತು.

"ಅಮ್ಮನ ಜೊತೆ ಕೊನೆಯವರೆಗೆ ಇದ್ದವಳು ಅವಳು. ಅಮ್ಮನ ಕೈ ಅವಳಿಗೇ ಬಂದಿದೆ" ಎಂದರು ಮೇಡಂ. ಆಮೇಲೆ ಭಟ್ರ ಕಾಲಿಗೆ ಸುತ್ತಿದ್ದ ಪಟ್ಟಿಯ ಕಡೆ ನೋಡಿ, ಸ್ವಲ್ಪ ಸಣ್ಣ ದನಿಯಲ್ಲಿ, "ಅವಳು ಬಂದಮೇಲೆ ನೀನು ಹೋಗಬಹುದು ಹರಿ. ಈ ಸಲ ನಿಜ" ಎಂದರು.

ಭಟ್ರಿಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಆ ಶುಕ್ರವಾರವೇ ಸಿಲ್ವೆಸ್ಟರನನ್ನು ಎಳೆದುಕೊಂಡು ಮನಾಮಾದ ಸೂಕ್ ಪೇಟೆಗೆ ಹೋಗಿ ಉಮಾವತಿಗೆ ಎರಡು ಸೀರೆ, ಒಂದು ದೊಡ್ಡ ಚೀಲ ತಂದರು. ಚೀಲವನ್ನು ಮಂಚದ ಕೆಳಗೆ ಬಾಯಿ ತೆರೆದೇ ಇಟ್ಟರು.

ಮಾರ್ಗಿತ್ ಬಂದಳು. ದಪ್ಪ ಕೈಗಳ, ಎತ್ತರದ ಹೆಂಗಸು. ಇಂಗ್ಲಿಷು ಒಂದಕ್ಷರ ಬಾರದು. ಏರ್‌ಪೋರ್ಟಿನಿಂದ ಬಂದ ಅಕ್ಕ ತಂಗಿ ಬಾಗಿಲಲ್ಲೇ ಮತ್ತೊಂದು ಸಲ ತಬ್ಬಿಕೊಂಡು ಅತ್ತರು. ಮಧ್ಯಾಹ್ನದ ಊಟಕ್ಕೆ ಮೇಡಂ ಹೇಳಿ ಮಾಡಿಸಿದ್ದು ಲೆಚೋ ಮತ್ತು ಬೀನ್ಸ್ ಸಾರು. ಅಮ್ಮನ ಅಡುಗೆ ಇಷ್ಟು ದೂರದಲ್ಲಿಯೂ ತಾನು ಬಿಟ್ಟಿಲ್ಲ ಎಂದು ಅಕ್ಕನಿಗೆ ತೋರಿಸಬೇಕಿತ್ತು ಅವರಿಗೆ. ಭಟ್ರು ಎಂದಿನಂತೆ ಬಡಿಸಿ ಬಾಗಿಲ ಹತ್ತಿರ ನಿಂತರು.

ಮಾರ್ಗಿತ್ ಒಂದು ಚಮಚ ಬಾಯಿಗಿಟ್ಟಳು. ನಿಲ್ಲಿಸಿದಳು. ಇನ್ನೊಂದು ಚಮಚ ಸಾರು. ಆಮೇಲೆ ನಕ್ಕು ಏನೋ ಕೇಳಿದಳು. ಒಳ್ಳೆಯ ನಗುವೇ, ಚುಚ್ಚುವಂಥದ್ದಲ್ಲ. ಆದರೆ ಮೇಡಮ್ಮಿನ ಮುಖ ಕಪ್ಪಿಟ್ಟಿತು. ಅಕ್ಕ ತಂಗಿ ಮಾತಾಡಿಕೊಂಡರು. ದನಿ ಏರಿತು, ಇಳಿಯಿತು. ಕೊನೆಗೆ ಮೇಡಂ ಬಾಗಿಲ ಕಡೆ ತಿರುಗಿದರು.

"ಇದು ಯಾವ ದೇಶದ ಅಡುಗೆ ಅಂತ ಕೇಳುತ್ತಾಳೆ. ಚೆನ್ನಾಗಿದೆಯಂತೆ. ಅಮ್ಮನದಲ್ಲವಂತೆ. ಹರಿ, ಇದರಲ್ಲಿ ಏನೇನು ಹಾಕುತ್ತೀ?"

ಮುಚ್ಚಿಡಲಿಕ್ಕೆ ಏನಿದೆ? ಭಟ್ರು ಹೇಳಿದರು. ತೆಂಗಿನೆಣ್ಣೆ. ಅದಕ್ಕೆ ಒಂದು ಚಿಟಿಕೆ ಇಂಗು, ನೀರುಳ್ಳಿಯ ಹಸಿ ನಾತ ಮೂಗಿಗೆ ತಡೆಯದ ಕಾರಣ. ಆಮೇಲೆ ಜೀರಿಗೆ. ಮೊದಲ ದಿನ ಮೇಡಂ ಹೇಳಿದ್ದು "ಸಣ್ಣ, ಬಾಗಿದ, ಕಂದು ಬಣ್ಣದ ಬೀಜ" ಅಂತ, ಅದು ಜೀರಿಗೆಯಲ್ಲದೆ ಮತ್ತೇನು? ಕೆಂಪು ಪುಡಿ ಅಂದರೆ ಬ್ಯಾಡಗಿ ಮೆಣಸು. ಕೊನೆಗೆ ಟೊಮೆಟೊದ ಹುಳಿ ಮುರಿಯಲಿಕ್ಕೆ ಒಂದು ಚೂರು ಬೆಲ್ಲ.

"ಯಾವಾಗಿನಿಂದ?"

"ಮೊದಲ ದಿನದಿಂದ ಮೇಡಂ."

ಮಾರ್ಗಿತ್ ಎದ್ದುಹೋಗಿ ತನ್ನ ಪೆಟ್ಟಿಗೆಯಿಂದ ಒಂದು ಪೊಟ್ಟಣ ತಂದು ಭಟ್ರ ಅಂಗೈಗೆ ಸುರಿದಳು. ಸಣ್ಣ, ಬಾಗಿದ, ಕಂದು ಬೀಜ. ನೋಡಲಿಕ್ಕೆ ಜೀರಿಗೆಯೇ. ಮೂಗಿನ ಹತ್ತಿರ ತಂದರೆ ಸಂಬಂಧವೇ ಇಲ್ಲ, ಸೋಂಪಿನ ದೂರದ ನೆಂಟನ ಹಾಗೆ ಏನೋ ಒಂದು ವಾಸನೆ. ಅಯ್ಯೋ ದೇವರೇ ಅನಿಸಿತು ಭಟ್ರಿಗೆ. ಇಷ್ಟು ವರ್ಷ ತಾನು ಈ ಹೆಂಗಸಿಗೆ ಬಡಿಸಿದ್ದು ಅವರಮ್ಮನ ಅಡುಗೆಯಲ್ಲ, ಕೋಟದ ಯಾವುದೋ ಗೊಜ್ಜು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಮ್ಮೆ ರುಚಿ ನೋಡಿದ್ದರೂ ಬಹುಶಃ ಗೊತ್ತಾಗುತ್ತಿರಲಿಲ್ಲ. ಆದರೂ ನೋಡದೆ ಮಾಡಿದ್ದು ಈಗ ಕಳ್ಳತನದ ಹಾಗೆ ಕಂಡಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು, ಬಂದದ್ದನ್ನು ಬರಲಿಲ್ಲ ಅನ್ನುವುದು ಹೇಗೆ? ಸರಿಯಾದ ಅಡುಗೆ ಮಾಡುವವಳು ಬಂದಳು, ಇನ್ನು ನನ್ನ ಕೆಲಸ ಮುಗಿಯಿತು ಎಂಬ ಸಂತೋಷ.

"ಬಚಾವ್ ಆದ್ರಿ ಭಟ್ರೆ" ಎಂದ ಸಿಲ್ವೆಸ್ಟರ್, ಸಂಜೆ ಕಾರು ಒರೆಸುತ್ತಾ. "ತಪ್ಪು ಮಾಡಿದವನಿಗೆ ಊರಿನ ಟಿಕೆಟು. ನಾನೂ ನಾಳೆ ಎಲ್ಲಾದ್ರೂ ಕಾರು ಗುದ್ದಿಸ್ತೇನೆ."

ಮರುದಿನ ಮಾರ್ಗಿತ್ ಅಂಗಿಯ ತೋಳು ಮಡಚಿ ಒಲೆಯ ಮುಂದೆ ನಿಂತಳು. ಸೂರ್ಯಕಾಂತಿ ಎಣ್ಣೆ, ನೀರುಳ್ಳಿ, ಉರಿಯಿಂದ ಇಳಿಸಿ ಊರಿಂದ ತಂದ ಕೆಂಪು ಪುಡಿ, ಆ ಬೀಜ. ಬೆಲ್ಲ ಇಲ್ಲ, ಇಂಗು ಇಲ್ಲ. ಕೈ ಪಳಗಿದ ಕೈ. ಅದು ಭಟ್ರಿಗೆ ನೋಡಿದ ಕೂಡಲೇ ಗೊತ್ತಾಯಿತು. ಮೇಡಂ ಮೇಜಿನ ಮುಂದೆ ಮಗುವಿನ ಹಾಗೆ ಕಾದು ಕೂತಿದ್ದರು. ತಟ್ಟೆ ಬಂತು. ಒಂದು ತುತ್ತು ತಿಂದರು. ಅಗಿದರು. ಅಕ್ಕನ ಮುಖ ನೋಡಿದರು. ಇನ್ನೊಂದು ತುತ್ತು ತೆಗೆದುಕೊಂಡು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ಆಮೇಲೆ ಚಮಚ ಕೆಳಗಿಟ್ಟು, ಅಕ್ಕನಿಗೆ ಏನೋ ಎರಡು ಮಾತು ಹೇಳಿದರು. ಮಾರ್ಗಿತ್ ತಟ್ಟೆಯನ್ನು ತನ್ನ ಕಡೆ ಎಳೆದು ತಾನೇ ಒಂದು ತುತ್ತು ತಿಂದು ನೋಡಿದಳು.

ಭಟ್ರಿಗೆ ಭಾಷೆ ಬಾರದಿದ್ದರೂ ಅರ್ಥವಾಯಿತು. ಇದೂ ಅಲ್ಲ ಅಂದಿದ್ದರು ಮೇಡಂ.

ಆ ವಾರವಿಡೀ ಅದೇ ಕತೆ. ಅಕ್ಕ ಮಾಡುವುದು, ತಂಗಿ ಎರಡು ತುತ್ತು ತಿಂದು ಸರಿಸುವುದು. ಕ್ಯಾಬೇಜಿನದ್ದು ಮಾಡಿದಳು, ಬಟಾಟೆಯದ್ದು ಮಾಡಿದಳು. ಒಂದು ದಿನ ಮೇಡಂ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕುಸಿದರು.

"ಅಮ್ಮನ ರುಚಿ ನನಗೆ ಮರೆತುಹೋಗಿದೆ ಹರಿ" ಎಂದರು. "ಯಾವಾಗ ಮರೆಯಿತೋ ಗೊತ್ತೇ ಆಗಲಿಲ್ಲ. ಮಾರ್ಗಿತ್ ಮಾಡುವುದೇ ಸರಿ, ಅದು ನನ್ನ ಬುದ್ಧಿಗೆ ಗೊತ್ತಿದೆ. ಆದರೆ ನಾಲಿಗೆಗೆ ಅದು ಯಾರದೋ ಮನೆಯ ಊಟ. ಅಮ್ಮ ಅಂತ ಕಣ್ಣು ಮುಚ್ಚಿದರೆ ನಿನ್ನದೇ ಬರುತ್ತದೆ."

ಭಟ್ರ ಕಾಲು ಸೆಳೆಯುತ್ತಿತ್ತು, ಗೋಡೆಗೆ ಒರಗಿದರು. ಪಾಪ ಅನಿಸಿತು, ಕೋಪವೂ ಬಂತು. ಮಂಚದ ಕೆಳಗೆ ಬಾಯಿ ತೆರೆದ ಚೀಲ ಹಾಗೇ ಇತ್ತು. ಯಾರಿಗೆ ಬೇಕಾಗಿತ್ತು ಈ ಇಂಗು! ತಾನು ಮಾಡಿದ ತಪ್ಪೇ ತನ್ನ ಕಾಲಿಗೆ ಹಗ್ಗವಾಯಿತಲ್ಲ.

ದಾರಿ ತೋರಿಸಿದವಳು ಮಾರ್ಗಿತ್. ಮಾತಿಲ್ಲದ ಹೆಂಗಸು ಒಂದು ಬೆಳಿಗ್ಗೆ ಬಂದು ಭಟ್ರ ಪಕ್ಕ ನಿಂತು, ಇಂಗಿನ ಡಬ್ಬಿಯನ್ನು ಬೆರಳಿಂದ ತಟ್ಟಿ, ತನ್ನ ಎದೆ ಮುಟ್ಟಿಕೊಂಡಳು. ನನಗೆ ಕಲಿಸು ಅಂತ. ಅಮ್ಮನ ಅಡುಗೆ ಅಚ್ಚುಕಟ್ಟಾಗಿ ಬರುವವಳು ತಂಗಿಗಾಗಿ ಅದನ್ನು ಬಿಟ್ಟು ತಪ್ಪು ಅಡುಗೆ ಕಲಿಯಲಿಕ್ಕೆ ಬಂದಿದ್ದಳು. ಭಟ್ರು ಡಬ್ಬಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟರು. ಅವಳು ಕಲಿತರೆ ತನಗೂ ಬಿಡುಗಡೆ, ಅದೂ ನಿಜ. ಅವತ್ತಿನಿಂದ ತೋರಿಸಿಯೇ ತೋರಿಸಿದರು. ಎಣ್ಣೆ ಕಾಯಲಿ, ಈಗ ಇಂಗು, ಈಗ ಜೀರಿಗೆ, ಸಿಡಿಯಲಿ, ಆಮೇಲೆ ನೀರುಳ್ಳಿ. ಅವಳು ಭಟ್ರ ಕೈ ಹಿಡಿದು ಚಿಟಿಕೆ ಎಷ್ಟೆಂದು ಅಳೆಯಲಿಕ್ಕೆ ನೋಡುವಳು, ಅವರ ಅಳತೆ ಬೆರಳ ತುದಿಯಲ್ಲಿ, ಮೂಗಿನ ಹೊಳ್ಳೆಯಲ್ಲಿ. ಅದನ್ನು ಹೇಗೆ ದಾಟಿಸುವುದು?

ಕೊನೆಗೆ ಅವಳೊಬ್ಬಳೇ ಮಾಡುವ ದಿನ ಬಂತು. ಭಟ್ರು ಹಿತ್ತಿಲ ಕಡೆಯ ಮೆಟ್ಟಿಲಲ್ಲಿ ಕಾಲು ನೀಡಿ ಕೂತಿದ್ದರು, ಸಿಲ್ವೆಸ್ಟರ್ ಜೊತೆಗಿದ್ದ. ಒಳಗಿಂದ ವಾಸನೆ ಬಂತು. ಬಂದ ಕೂಡಲೇ ಭಟ್ರ ಮುಖ ಸಣ್ಣದಾಯಿತು. ಇಂಗನ್ನು ನೀರುಳ್ಳಿ ಬಾಡಿದ ಮೇಲೆ ಹಾಕಿದ್ದಳು. ಅದು ಹಸಿಯಾಗಿಯೇ ಉಳಿದಿತ್ತು. ಜೀರಿಗೆ ಒಂದಿಷ್ಟು ಕರಟಿತ್ತು.

ಮಾರ್ಗಿತ್ ಪಾತ್ರೆ ಹಿಡಿದು ಬಾಗಿಲಿಗೆ ಬಂದಳು. ಚಮಚ ಚಾಚಿದಳು. ನೋಡು, ಸರಿಯಾಗಿದೆಯಾ ಎಂದು ಕಣ್ಣಲ್ಲೇ ಕೇಳಿದಳು. ಭಟ್ರು ಕೈ ಅಡ್ಡ ಹಿಡಿದರು. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಚಾಚಿದಳು. ಇಷ್ಟು ದಿನ ಬೆವರು ಸುರಿಸಿ ಕಲಿತವಳು, ಗುರು ಒಂದು ಹನಿ ಬಾಯಿಗೆ ಹಾಕಲಿಕ್ಕೂ ಒಲ್ಲೆ ಅಂದರೆ ಏನಂದುಕೊಂಡಾಳು? ಕಣ್ಣು ತುಂಬಿತು ಅವಳಿಗೆ.

"ಒಂದು ಹನಿ ಭಟ್ರೆ" ಎಂದ ಸಿಲ್ವೆಸ್ಟರ್, ಈ ಸಲ ತಮಾಷೆ ಇಲ್ಲದೆ. "ಯಾರೂ ನೋಡುದಿಲ್ಲ. ನಾನು ಆ ಕಡೆ ತಿರುಗ್ತೇನೆ. ನಿಮಗೆ ಊರಿಗೆ ಹೋಗ್ಲಿಕ್ಕಿಲ್ವಾ?"

ಭಟ್ರು ಆ ಪಾತ್ರೆಯನ್ನು ನೋಡಿದರು. ಈ ದೇಶಕ್ಕೆ ಬಂದಮೇಲೆ ಒಂದೊಂದಾಗಿ ಎಲ್ಲ ಬಿಟ್ಟುಹೋಗಿತ್ತು. ಮೂರು ಹೊತ್ತಿನ ಸಂಧ್ಯಾವಂದನೆ ಒಂದು ಹೊತ್ತಾಯಿತು, ಏಕಾದಶಿ ಮರೆತುಹೋಗುತ್ತಿತ್ತು, ಅಪ್ಪನ ತಿಥಿಗೆ ಒಂದು ಸಲವೂ ಊರಲ್ಲಿರಲಿಲ್ಲ. ಉಳಿಸಿಕೊಂಡದ್ದು ಇದೊಂದು. ಆಯಾಸವಾಗಿತ್ತು. ಉಳಿಸಿಕೊಳ್ಳಲಿಕ್ಕೂ ಒಂದು ತ್ರಾಣ ಬೇಕಲ್ಲ. ತೀರ್ಥಕ್ಕೆ ಹಿಡಿಯುವ ಹಾಗೆ ಬಲಗೈ ಗುಳಿ ಮಾಡಿ ಮುಂದೆ ಹಿಡಿದರು. ಮಾರ್ಗಿತ್ ಒಂದು ಚಮಚ ಲೆಚೋ ಅಂಗೈಗೆ ಹಾಕಿದಳು. ಭಟ್ರು ಅದನ್ನು ಬಾಯಿಗೆ ಸುರಿದುಕೊಂಡರು.

ಬಿಸಿ. ಉಪ್ಪು. ಹುಳಿ. ಹಲ್ಲಿಗೆ ಸಿಕ್ಕಿದ ನೀರುಳ್ಳಿಯ ಮೆತ್ತಗಿನ ಸಿಹಿ. ಅಷ್ಟೇ. ತಾನು ಮಾಡುತ್ತಿದ್ದದ್ದು ಹೀಗೇ ಇತ್ತೇ, ಬೇರೆ ಇತ್ತೇ? ಯಾರಿಗೆ ಗೊತ್ತು! ತನ್ನ ಅಡುಗೆಯನ್ನು ತಾನು ತಿಂದಿದ್ದರೆ ತಾನೇ ಹೋಲಿಸಲಿಕ್ಕೆ? ಭಟ್ರಿಗೆ ತಮ್ಮ ಮೇಲೆಯೇ ಅಸಹ್ಯವಾಗಿ ಕಣ್ಣಲ್ಲಿ ನೀರು ಬಂತು. ಉಳಿದ ಆ ಒಂದನ್ನೂ ಬಿಟ್ಟಾಯಿತು, ಅದೂ ದಂಡಕ್ಕೆ. ಮೂಗು ಮಾತ್ರ, ಇದಲ್ಲ, ಇದಲ್ಲ ಎಂದು ಹೇಳುತ್ತಲೇ ಇತ್ತು.

"ನನಗೆ ತಿಳಿಯುದಿಲ್ಲ" ಎಂದರು ಸಿಲ್ವೆಸ್ಟರನಿಗೆ. "ಮೇಡಮ್ಮಿನವರೇ ತಿಂದು ಹೇಳ್ಲಿ."

ಮೇಡಂ ಮೇಜಿಗೆ ಕೂತರು. ಮಾರ್ಗಿತ್ ಬಡಿಸಿ ಎರಡೂ ಕೈಯನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ನಿಂತಳು. ಭಟ್ರು ಬಾಗಿಲ ಹತ್ತಿರ ಇದ್ದರು. ಮೇಡಂ ಒಂದು ಚಮಚ ತಿಂದರು. ಆ ಮುಖದ ಒಂದೊಂದು ಗೆರೆಯೂ ಭಟ್ರಿಗೆ ಗೊತ್ತಿತ್ತು. ಇಷ್ಟು ವರ್ಷ ಅದನ್ನೇ ಓದಿಕೊಂಡು ನಾಳೆಯ ಅಡುಗೆ ಮಾಡಿದವರು. ಹುಬ್ಬಿನ ನಡುವೆ ಒಂದು ಸಣ್ಣ ಗಂಟು ಬಿತ್ತು. ಮೇಡಂ ತಲೆಯೆತ್ತಿ ಭಟ್ರನ್ನು ನೋಡಿದರು. ಆಮೇಲೆ ಅವರ ಕಾಲನ್ನು ನೋಡಿದರು. ಗಂಟು ಮಾಯವಾಯಿತು.

"ಅದೇ ಹರಿ" ಎಂದರು ಮೇಡಂ. "ಸರಿಯಾಗಿ ಅದೇ. ಇನ್ನು ನೀನು ಹೋಗಬಹುದು."

ಅಕ್ಕನಿಗೂ ಅವರ ಭಾಷೆಯಲ್ಲಿ ಅದನ್ನೇ ಹೇಳಿದರು. ಮಾರ್ಗಿತ್ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಮೇಡಂ ತಿನ್ನುತ್ತಾ ಹೋದರು. ತಟ್ಟೆ ಖಾಲಿ ಮಾಡಿದರು. ಇನ್ನೊಂದು ಸಲ ಬಡಿಸಿಕೊಂಡರು. ಒಂದೊಂದು ತುತ್ತನ್ನೂ ನೀರು ಕುಡಿದು ಇಳಿಸುತ್ತಿದ್ದರು. ನಗುತ್ತಿದ್ದರು.

ಸುಳ್ಳು ಅಂತ ಭಟ್ರಿಗೆ ಗೊತ್ತಿತ್ತು. ಭಟ್ರಿಗೆ ಗೊತ್ತಿದೆ ಅಂತ ಮೇಡಮ್ಮಿಗೂ ಗೊತ್ತಿತ್ತೋ ಏನೋ. ಇಂಗು ಮೊದಲು ಹಾಕಬೇಕು, ಎಣ್ಣೆಯಲ್ಲಿ ಅರಳಬೇಕು. ಒಂದೇ ಒಂದು ಮಾತು. ಇನ್ನು ನಾಲ್ಕು ದಿನ ಜೊತೆಗೆ ನಿಂತು ತೋರಿಸಿದರೆ ಮಾರ್ಗಿತ್ ಕಲಿತಾಳು. ಇಲ್ಲವೇ ನಾಲ್ಕು ತಿಂಗಳು. ಇಲ್ಲವೇ ಎಂದೆಂದಿಗೂ ಕಲಿಯಲಿಕ್ಕಿಲ್ಲ, ಆಗ? ಆ ಮಾತು ನಾಲಿಗೆಯ ತುದಿಗೆ ಬಂತು. ಭಟ್ರು ಅದನ್ನು ನುಂಗಿಕೊಂಡರು. ಎರಡನೆಯ ತಟ್ಟೆಯೂ ಖಾಲಿಯಾಗುವವರೆಗೆ ತಲೆ ತಗ್ಗಿಸಿ ಅಲ್ಲೇ ನಿಂತರು, ಒಳಗೆ ಹೋಗಲಿಲ್ಲ.

"ಮೇಡಂ" ಎಂದರು ಆಮೇಲೆ. "ಕ್ಯಾನ್ಸಲ್ ವಿಷಯ ಸಾಹೇಬರಿಗೆ ಇವತ್ತೇ ಹೇಳಿ. ನಾಳೆಗೆ ಇಡಬೇಡಿ."

"ಇವತ್ತೇ ಹೇಳುತ್ತೇನೆ" ಎಂದು ಮೇಡಂ ತಟ್ಟೆಯನ್ನು ಅವರ ಕೈಗೆ ಕೊಟ್ಟರು.